ಎದುರುಗಾಳಿಗೆ ಗಾಲ್ಫ್ ಚೆಂಡು ಮೇಲೆದ್ದು ನಿಂತುಬಿಡುತ್ತೆ ಅಂದವರಿಗೆ
ಜೋರಾಗಿ ಹೊಡೆಯುತ್ತಿರುವುದೇ ಕಾರಣ ಇರಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಚೆಂಡು ಎದುರುಗಾಳಿಗೆ ಎದ್ದು ಅಲ್ಲೇ ಬಿತ್ತು, ವೆಜ್ (ಚೆಂಡನ್ನು ಎತ್ತರಕ್ಕೆ ಎತ್ತುವ ಕ್ಲಬ್, ಅಂದರೆ ಹೊಡೆಯುವ ಕೋಲು) ನೆಲಕ್ಕೆ ತಗುಲಿ ಪುಟಿಯಿತು ಅಂದಿರಿ. ಹೊಡೆತ ಜೋರಾದಷ್ಟೂ ಹಿಂದಕ್ಕೆ ತಿರುಗುವ ಸ್ಪಿನ್ ಜಾಸ್ತಿ, ಚೆಂಡು ಮೇಲಕ್ಕೇ ಹೋಗುತ್ತದೆ. ನಿಮ್ಮ ಸ್ವಿಂಗ್ (ಕ್ಲಬ್ ಬೀಸುವ ರೀತಿ) ನಾನು ನೋಡಿಲ್ಲ, ಆದರೂ ಮೊದಲು ಇದನ್ನೇ ಸರಿಮಾಡಿ.

8ರ ಐರನ್ (ಲೋಹದ ತಲೆಯ ಕ್ಲಬ್; ಅಂಕಿ ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ ದೂರ ಹೋಗುತ್ತದೆ) ಸಾಕು ಅನ್ನಿಸಿದಲ್ಲಿ 6ರದು ತೆಗೆದುಕೊಳ್ಳಿ. ಹಿಡಿತ ಒಂದಿಂಚು ಕೆಳಗೆ. ಬಲಗೈಯವರಾದರೆ ಚೆಂಡು ಬಲಗಾಲಿನ ಕಡೆ ಸ್ವಲ್ಪ ಸರಿದಿರಲಿ. ಮುಕ್ಕಾಲು ಸ್ವಿಂಗ್ ಸಾಕು, ಹೊಡೆದ ಮೇಲೆ ಕೈ ಎದೆಮಟ್ಟದಲ್ಲೇ ನಿಲ್ಲಲಿ.

ಚೆಂಡು ಪಾಟ್ ಬಂಕರಿಗೆ (ಆಳವಾದ ಸಣ್ಣ ಮರಳುಗುಂಡಿ) ಬಿದ್ದರೆ ಕುಳಿಯ ಬಾವುಟದ ಕಡೆ ನೋಡಲೇಬೇಡಿ, ಪಕ್ಕಕ್ಕೋ ಹಿಂದಕ್ಕೋ ಹೊಡೆದು ಆಚೆ ಬನ್ನಿ. ಇದೇ ಮೈದಾನದಲ್ಲಿ ನಡೆದ 1978ರ ಓಪನ್ ಪಂದ್ಯಾವಳಿ‌ನಲ್ಲಿ ಜಪಾನಿನ ವೃತ್ತಿಪರ ಆಟಗಾರ ನಕಜಿಮಾ 17ನೇ ಹೋಲ್‌ನ ಬಂಕರಿನಲ್ಲಿ ಸಿಕ್ಕಿಕೊಂಡು ಪಾರ್ 4ಕ್ಕೆ (4 ಹೊಡೆತದಲ್ಲಿ ಮುಗಿಸಬೇಕಾದಲ್ಲಿ) 9 ಹೊಡೆತ ಹೊಡೆದಿದ್ದರು. ಅಂಥವರ ಪಾಡೇ ಅದು!

ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹತ್ತಿರ ವೆಜ್ ಬಿಡಿ. ಅಲ್ಲಿ ಹುಲ್ಲು ಗಿಡ್ಡ, ನೆಲ ಗಟ್ಟಿ. 20 ಗಜದಿಂದಲೂ ಪಟರ್‌ನಲ್ಲೇ ಉರುಳಿಸಿ, ನಾಚಿಕೆ ಏನಿಲ್ಲ. ಇಲ್ಲವೇ 7ರ ಐರನ್‌ನಲ್ಲಿ ಮೆಲ್ಲಗೆ ತಟ್ಟಿ. ಹೀಗೆ ತಟ್ಟುವುದನ್ನು ನಿಮ್ಮ ಕಲಬುರಗಿಯಲ್ಲೇ ರೂಢಿ ಮಾಡಬಹುದು. ನಾನು ಕಲಿತದ್ದು ಬೀದರಿನ ಗರಸು ಮೈದಾನದಲ್ಲಿ. ಹತ್ತು ಹೆಜ್ಜೆ ಮುಂದೆ ಜೋಳದ ರೊಟ್ಟಿಯಷ್ಟಗಲ ಗುಂಡಗೆ ಗೆರೆ ಎಳೆಯಿರಿ, ಚೆಂಡು ಮೊದಲು ಅದರೊಳಗೆ ಬಿದ್ದು ಆಮೇಲೆ ಉರುಳಬೇಕು. ಕ್ಲಬ್ಬಿನ ತಳ ಗೀರಾಗುತ್ತದೆ, ಹಳೇದನ್ನೇ ಒಯ್ಯಿರಿ.