ಭೇದಿ ನಿಲ್ಲಿಸುವ ಮುಂಚೆ ಕೌಂಟ್ ಎಷ್ಟು ಅಂತ ಕೇಳಿ

ಓದುಗರ ಪ್ರಶ್ನೆಗೆ ಮಕ್ಕಳ ಕ್ಯಾನ್ಸರ್ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳಿವೆ: ಕೀಮೋ ಆದ ಮಗುವಿಗೆ ಭೇದಿಯಾದರೆ ಏನು ಮಾಡಬೇಕು? ಮೊದಲೂ ಕೇಳಿದ್ದರು, ಉತ್ತರವನ್ನೂ ಕೊಟ್ಟಿದ್ದೆ. ಆದರೂ ಮಕ್ಕಳು ತಡವಾಗಿಯೇ ಆಸ್ಪತ್ರೆಗೆ ಬರುತ್ತಿದ್ದಾರೆ. ಅದಕ್ಕೇ ಇವತ್ತು ಆ ಒಂದಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚಿಕ್ಕದು. ಓಆರ್‌ಎಸ್ ಕಲಸುವುದು ಹೇಗೆ ಅಂತ ಬರೆಯುವುದಿಲ್ಲ, ಅದು ಪೊಟ್ಟಣದ ಮೇಲೇ ಇದೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಕೀಮೋ ಆಗಿ ಒಂಬತ್ತು ದಿನ ಆಯಿತು. ನಿನ್ನೆಯಿಂದ ಆರೇಳು ಸಲ ಭೇದಿ ಆಗಿದೆ. ಮೈ ಸ್ವಲ್ಪ ಬೆಚ್ಚಗಿದೆ, ಹೊಟ್ಟೆನೋವು ಅನ್ನುತ್ತಾಳೆ. ಕೀಮೋದಿಂದ ಹೀಗೆಲ್ಲ ಆಗುತ್ತೆ ಅಲ್ವಾ? ಭೇದಿ ನಿಲ್ಲಿಸೋ ಮಾತ್ರೆ ಕೊಟ್ಟು ಎರಡು ದಿನ ನೋಡಬಹುದಾ?

ಬೇಡ. ಮಾತ್ರೆಯೂ ಬೇಡ, ಎರಡು ದಿನ ಕಾಯುವುದೂ ಬೇಡ. ಇದನ್ನು ಓದುತ್ತಿರುವಾಗಲೇ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.

ಎಷ್ಟು ಸಲ ಆಯಿತು ಅನ್ನುವುದನ್ನು ಎಲ್ಲರೂ ಬರೆದಿಡುತ್ತಾರೆ. ಬಹಳ ಮನೆಗಳಲ್ಲಿ ಅದಕ್ಕೇ ಒಂದು ನೋಟ್‌ಬುಕ್ ಇರುತ್ತದೆ. ಒಳ್ಳೆಯದೇ. ಆದರೆ ನಾನು ಮೊದಲು ಕೇಳುವುದು ಬೇರೆ ಮೂರು: ಜ್ವರ ಎಷ್ಟಿದೆ, ಕೌಂಟ್ (ರಕ್ತದಲ್ಲಿ ಬಿಳಿ ರಕ್ತಕಣಗಳ ಲೆಕ್ಕ) ಎಷ್ಟಿದೆ, ಹೊಟ್ಟೆ ಮುಟ್ಟಿದರೆ ನೋಯುತ್ತಾ? ಹತ್ತು ಸಲ ಭೇದಿಯಾದರೂ ಕೌಂಟ್ ಚೆನ್ನಾಗಿದ್ದು, ಆಡಿಕೊಂಡಿರುವ ಮಗುವಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಎರಡೇ ಸಲ ಆಗಿದ್ದರೂ ಜ್ವರ ಬಂದು, ಮೊಣಕಾಲು ಮಡಚಿಕೊಂಡು ಮಲಗಿ, ಹೊಟ್ಟೆಯ ಬಲಗಡೆ ಕೆಳಗೆ ಕೈ ಇಡಲು ಬಿಡದ ಮಗುವಿನ ಬಗ್ಗೆ ಇದೆ.

ಒಂಬತ್ತನೇ ದಿನ ಅಂದಿರಿ. ಬಹುತೇಕ ಕೀಮೋ ಔಷಧಿಗಳಲ್ಲಿ ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಅದು ಅಪಾಯದ ಮಟ್ಟ. ಅದೇ ಹೊತ್ತಿಗೆ ಕೀಮೋ ಕರುಳಿನ ಒಳಪದರವನ್ನೂ ಸವೆಸಿರುತ್ತದೆ. ಅಂದರೆ ಬೇಲಿ ಮುರಿದಿದೆ, ಕಾವಲಿನವರೂ ಇಲ್ಲ. ಕರುಳಿನಲ್ಲಿ ಯಾವತ್ತೂ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ನುಗ್ಗುತ್ತವೆ. ಹೊರಗಿನಿಂದ ಹೊಸ ರೋಗಾಣು ಬರಲೇಬೇಕು ಅಂತೇನಿಲ್ಲ.

ಇದರ ಗಂಭೀರ ರೂಪಕ್ಕೆ ನಾವು ಟಿಫ್ಲೈಟಿಸ್ ಅನ್ನುತ್ತೇವೆ. ದೊಡ್ಡ ಕರುಳು ಶುರುವಾಗುವ ಜಾಗ, ಅಂದರೆ ಬಲಗಡೆ ಕೆಳಹೊಟ್ಟೆಯಲ್ಲಿ, ಕರುಳಿನ ಗೋಡೆ ಊದಿಕೊಳ್ಳುತ್ತದೆ. ಜ್ವರ, ಹೊಟ್ಟೆನೋವು, ಕಡಿಮೆ ಕೌಂಟ್ ಮೂರೂ ಒಟ್ಟಿಗೆ ಕಂಡರೆ ನಾವು ಮೊದಲು ಇದನ್ನೇ ಅನುಮಾನಿಸುತ್ತೇವೆ. ಅಲ್ಟ್ರಾಸೌಂಡ್‌ನಲ್ಲಿ ಗೋಡೆ ದಪ್ಪ ಆಗಿರುವುದು ಕಾಣುತ್ತದೆ. ಕರುಳಿಗೆ ವಿಶ್ರಾಂತಿ, ಡ್ರಿಪ್, ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಟ್ಟರೆ ಹೆಚ್ಚಿನ ಮಕ್ಕಳು ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ. ತಡವಾದರೆ ಕರುಳು ತೂತಾಗಬಹುದು. ಇಂಥ ಕರುಳಿಗೆ ಭೇದಿ ನಿಲ್ಲಿಸುವ ಲೋಪೆರಮೈಡ್ ಕೊಟ್ಟರೆ ಏನಾಗುತ್ತದೆ? ಅದು ಕರುಳಿನ ಚಲನೆಯನ್ನೇ ತಡೆಯುತ್ತದೆ. ರೋಗಾಣು, ಅದರ ವಿಷ ಎಲ್ಲ ಒಳಗೇ ನಿಲ್ಲುತ್ತವೆ, ಕರುಳು ಉಬ್ಬುತ್ತದೆ. ಹೊರಗೆ ಭೇದಿ ನಿಂತಿದೆ ಅಂತ ನಿಮಗೆ ಸಮಾಧಾನ, ಒಳಗೆ ಮಗು ಹದಗೆಡುತ್ತಿರುತ್ತದೆ. ಕೆಲವು ಕೀಮೋ ಔಷಧಿಗಳ ಜೊತೆ ನಾವೇ ಈ ಮಾತ್ರೆ ಬರೆದುಕೊಡುವುದುಂಟು, ಇರಿನೋಟೆಕ್ಯಾನ್ ಅಂಥದ್ದು. ಅದು ನಾವು ಸೋಂಕು ಇಲ್ಲ ಅಂತ ನೋಡಿಕೊಂಡು, ಹೇಳಿ ಕೊಡುವ ಮಾತ್ರೆ. ಪಕ್ಕದ ಬೆಡ್‌ನ ಮಗುವಿಗೆ ಕೊಟ್ಟಿದ್ದರು ಅಂತ ನಿಮ್ಮ ಮಗುವಿಗೆ ಕೊಡಬೇಡಿ.

‘ಮೈ ಸ್ವಲ್ಪ ಬೆಚ್ಚಗಿದೆ’ ಅಂದರೆ ನನಗೇನೂ ತಿಳಿಯುವುದಿಲ್ಲ. ಥರ್ಮಾಮೀಟರ್ ಇಟ್ಟು ಹೇಳಿ. ಬಾಯಲ್ಲೋ ಕಂಕುಳಲ್ಲೋ ಇಡಿ. ಗುದದ್ವಾರದಲ್ಲಿ ಮಾತ್ರ ಇಡಲೇಬೇಡಿ, ಅಲ್ಲಿ ಸಣ್ಣ ಗಾಯವಾದರೂ ಸೋಂಕು ರಕ್ತಕ್ಕೆ ಸೇರುತ್ತದೆ. ಕೀಮೋ ನಡೆಯುತ್ತಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ತಕ್ಷಣ ಫೋನ್ ಮಾಡಬೇಕು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು ಅನ್ನುವುದು ನಮ್ಮ ಗುರಿ. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಕರೆತಂದರೆ ಆ ಗಂಟೆ ಹಾಳಾಗುತ್ತದೆ. ಇನ್ನೊಂದು ಮಾತು. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ತರದ ಸ್ಟೀರಾಯ್ಡ್ ನಡೆಯುತ್ತಿದ್ದರೆ ಜ್ವರವೂ ಬರದೇ ಇರಬಹುದು, ನೋವೂ ಅಷ್ಟಾಗಿ ಕಾಣದೇ ಇರಬಹುದು. ಆಗ ಮಗು ಮಂಕಾಗಿದೆ, ಕೈಕಾಲು ತಣ್ಣಗಿದೆ, ಮೂತ್ರ ಕಡಿಮೆಯಾಗಿದೆ ಅನ್ನುವುದೇ ಸಾಕು, ಹೊರಡಿ.

ಈಗ ‘ಕೀಮೋದಿಂದಲೇ ಅಲ್ವಾ’ ಅನ್ನುವುದಕ್ಕೆ ಬರುತ್ತೇನೆ. ಇರಬಹುದು. ಮೆಥೊಟ್ರೆಕ್ಸೇಟ್, ಸೈಟರಾಬಿನ್ ತರದ ಕೀಮೋ ಔಷಧಿಗಳು ಕರುಳನ್ನು ಕೆಡಿಸುತ್ತವೆ. ಆಂಟಿಬಯಾಟಿಕ್‌ನಿಂದಲೂ ಭೇದಿ ಆಗುತ್ತದೆ. ವಿಂಕ್ರಿಸ್ಟಿನ್ ಎಂಬ ಕೀಮೋ ಔಷಧಿ ಕೊಟ್ಟ ಮಗುವಿಗೆ ಮಲಬದ್ಧತೆಯಾಗಿ, ಗಟ್ಟಿ ಮಲದ ಪಕ್ಕದಿಂದ ನೀರು ಸೋರುವುದೂ ಉಂಟು. ಅದು ನೋಡಲು ಭೇದಿಯೇ. ಅಲ್ಲಿಗೆ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಥೆ ಪೂರ್ತಿ ಉಲ್ಟಾ. ಆದರೆ ಕೀಮೋ ಕಾರಣ ಅನ್ನುವುದು ಸೋಂಕು ಇಲ್ಲ ಅಂತ ಖಾತ್ರಿಯಾದ ಮೇಲೆ ಬರಬೇಕಾದ ತೀರ್ಮಾನ. ಮನೆಯಲ್ಲಿ ಕೂತು ಮೊದಲೇ ಹೇಳುವ ಮಾತಲ್ಲ.

ಸೋಂಕುಗಳಲ್ಲಿ ವೈರಸ್‌ಗಳ ಪಾಲು ಜಾಸ್ತಿ: ನೋರೋ, ರೋಟಾ, ಅಡೆನೋ, ಆಸ್ಟ್ರೋ, ಸ್ಯಾಪೋ. ಬೇರೆ ಮಕ್ಕಳಿಗೆ ನೋರೋವೈರಸ್ ಎರಡು ಮೂರು ದಿನದ ಕಾಟ. ರೋಗನಿರೋಧಕ ಶಕ್ತಿ ಕುಗ್ಗಿದ ಮಗುವಿನಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಲದಲ್ಲಿ ಬರುತ್ತಲೇ ಇರುತ್ತದೆ. ಇವಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ನೀರು, ಲವಣ ಸರಿದೂಗಿಸುವುದೇ ಚಿಕಿತ್ಸೆ. ಅಸ್ಥಿಮಜ್ಜೆ ಕಸಿ ಆದ ಮಗುವಿನಲ್ಲಿ ಅಡೆನೋ ಮತ್ತು ಸಿಎಂವಿ (ಸೈಟೊಮೆಗಾಲೊವೈರಸ್) ಎಂಬ ವೈರಸ್ ಬೇರೆಯೇ ವಿಷಯ, ಅವನ್ನು ರಕ್ತದಲ್ಲೂ ಹುಡುಕಬೇಕು.

ಬ್ಯಾಕ್ಟೀರಿಯಾಗಳಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಇವೆ. ಪರಾವಲಂಬಿಗಳಲ್ಲಿ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ. ಈ ಕ್ರಿಪ್ಟೋ ವಾರಗಟ್ಟಲೆ ನೀರು ನೀರಾಗಿ ಕಾಡುತ್ತದೆ. ಮಾಮೂಲಿ ಮಲ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಅದಕ್ಕೇ ಬೇರೆ ಪರೀಕ್ಷೆ ಕೇಳಬೇಕು. ನೀರಿಗೆ ಹಾಕುವ ಕ್ಲೋರಿನ್‌ಗೂ ಬಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ಹಾಗಾಗಿ ಕುಡಿಯುವ ನೀರು ಕುದಿಸಿ ಅಂತ ನಾನು ಹಠ ಹಿಡಿದು ಹೇಳುತ್ತೇನೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳ ಕರುಳಲ್ಲಿ ವರ್ಷಗಟ್ಟಲೆ ಗೊತ್ತಾಗದೆ ಇರಬಲ್ಲದು. ಸ್ಟೀರಾಯ್ಡ್ ಶುರುವಾದರೆ ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ. ಈ ಹುಳ ಇರುವ ಪ್ರದೇಶದ ಮಕ್ಕಳಿಗೆ ಚಿಕಿತ್ಸೆಗೆ ಮುಂಚೆಯೇ ಪರೀಕ್ಷೆ ಮಾಡುವುದು ಜಾಣತನ.

ಹೊರಡುವಾಗ ಮಲದ ಸ್ಯಾಂಪಲ್ ತಂದರೆ ಒಳ್ಳೆಯದು. ಡೈಪರ್ ನೀರನ್ನೆಲ್ಲ ಹೀರಿಬಿಡುತ್ತದೆ. ಒಳಗೆ ಶುದ್ಧವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರಿಂದ ಮುಚ್ಚಳದ ಡಬ್ಬಿಗೆ ತೆಗೆದುಕೊಳ್ಳಿ. ಸ್ಯಾಂಪಲ್‌ಗೋಸ್ಕರ ಕಾಯುತ್ತಾ ಕೂರಬೇಡಿ. ಮನೆಯಲ್ಲಿ ಕೊಡುವ ಕೀಮೋ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವಾಂತಿಯಾಯಿತು ಅಂತ ಇನ್ನೊಂದು ಕೊಡಲೂಬೇಡಿ. ಫೋನ್‌ನಲ್ಲೇ ಕೇಳಿ.

ಪ್ರಶ್ನೆ: ಎಂಟು ತಿಂಗಳ ಮಗು. ಮಲದಲ್ಲಿ ಸಿ. ಡಿಫಿಸಿಲ್ ಪಾಸಿಟಿವ್ ಬಂದಿದೆ. ಡಾಕ್ಟರು ಔಷಧಿ ಬೇಡ ಅನ್ನುತ್ತಿದ್ದಾರೆ. ನಿರ್ಲಕ್ಷ್ಯ ಅಲ್ವಾ?

ಅಲ್ಲ, ಅವರು ಸರಿಯಾಗಿ ಯೋಚಿಸಿದ್ದಾರೆ. ಒಂದು ವರ್ಷದೊಳಗಿನ ಎಷ್ಟೋ ಮಕ್ಕಳ ಕರುಳಲ್ಲಿ ಭೇದಿ ತರಬಲ್ಲ ಈ ಬ್ಯಾಕ್ಟೀರಿಯಾ ಏನೂ ತೊಂದರೆ ಮಾಡದೆ ಇರುತ್ತದೆ. ಆ ವಯಸ್ಸಿನಲ್ಲಿ ಈ ಪರೀಕ್ಷೆಯನ್ನೇ ಮಾಮೂಲಾಗಿ ಮಾಡಬಾರದು. ದೊಡ್ಡ ಮಕ್ಕಳಲ್ಲೂ, ಅದರಲ್ಲೂ ಆಸ್ಪತ್ರೆಯಲ್ಲೇ ಹೆಚ್ಚು ದಿನ ಕಳೆದ ಕ್ಯಾನ್ಸರ್ ಮಕ್ಕಳಲ್ಲಿ, ರೋಗಾಣುವಿನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಪಾಸಿಟಿವ್ ಅಂದರೆ ರೋಗಾಣು ಇದೆ ಅಂತ ಮಾತ್ರ. ಭೇದಿಗೆ ಅದೇ ಕಾರಣ ಅಂತಲ್ಲ. ಡಬ್ಬಿಯ ಆಕಾರಕ್ಕೆ ಹರಡಿಕೊಳ್ಳುವಷ್ಟು ತೆಳು ಮಲವನ್ನು ಮಾತ್ರ ಪರೀಕ್ಷಿಸಬೇಕು, ಗಟ್ಟಿ ಮಲ ಕಳಿಸಿದರೆ ಲ್ಯಾಬ್‌ನವರು ವಾಪಸ್ ಮಾಡುವುದೇ ಸರಿ. ನಿಜವಾದ ಕಾಯಿಲೆ ಇದ್ದರೆ ವ್ಯಾಂಕೊಮೈಸಿನ್ ಬಾಯಿಯ ಮೂಲಕ ಕೊಡುತ್ತೇವೆ. ರಕ್ತನಾಳಕ್ಕೆ ಕೊಟ್ಟದ್ದು ಕರುಳಿಗೆ ಸಾಕಷ್ಟು ಮುಟ್ಟುವುದಿಲ್ಲ. ಭೇದಿ ನಿಂತ ಮೇಲೆ ‘ಹೋಯಿತಾ ನೋಡೋಣ’ ಅಂತ ಮತ್ತೆ ಪರೀಕ್ಷೆ ಮಾಡಿಸಬೇಡಿ, ಪಾಸಿಟಿವ್ ಬರಬಹುದು, ನಿದ್ದೆ ಕೆಡುತ್ತದೆ.

ಪ್ರಶ್ನೆ: ಪ್ರೊಬಯಾಟಿಕ್ ಕೊಡಬಹುದಾ? ಒಳ್ಳೆ ಬ್ಯಾಕ್ಟೀರಿಯಾ ಅಲ್ವಾ?

ಕೌಂಟ್ ಇಲ್ಲದ ಮಗುವಿಗೆ ರಕ್ತಕ್ಕೆ ಸೇರಿದ ಯಾವ ಬ್ಯಾಕ್ಟೀರಿಯಾವೂ ಒಳ್ಳೆಯದಲ್ಲ. ಕೆಲವು ಪ್ರೊಬಯಾಟಿಕ್‌ಗಳಲ್ಲಿ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ಇರುತ್ತದೆ. ಆ ಕ್ಯಾಪ್ಸೂಲ್ ಬಿಡಿಸಿದ ಕೈಯಿಂದ ಅದು ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ನಳಿಕೆ) ಮೂಲಕ ರಕ್ತ ಸೇರಿದ ಪ್ರಕರಣಗಳಿವೆ. ನಾನು ಕೊಡುವುದಿಲ್ಲ.

ಪ್ರಶ್ನೆ: ಕೀಮೋ ನಂಜು ಭೇದಿಯಲ್ಲಿ ಹೊರಗೆ ಹೋಗುತ್ತಿದೆ, ಹೋಗಲಿ ಬಿಡಿ ಅಂತ ಒಬ್ಬರು ಕರುಳು ಶುದ್ಧಿಯ ಪುಡಿ ಕೊಟ್ಟಿದ್ದಾರೆ.

ಅವರಿಗೆ ಕೀಮೋವೂ ಗೊತ್ತಿಲ್ಲ, ಕರುಳೂ ಗೊತ್ತಿಲ್ಲ. ಕೀಮೋ ಔಷಧಿಯನ್ನು ಯಕೃತ್ತು, ಮೂತ್ರಪಿಂಡ ನೋಡಿಕೊಳ್ಳುತ್ತವೆ. ಭೇದಿಯಲ್ಲಿ ಮಗು ಕಳೆದುಕೊಳ್ಳುವುದು ನೀರು, ಸೋಡಿಯಂ, ಪೊಟ್ಯಾಸಿಯಂ. ಗುದದ್ವಾರದ ಮೂಲಕ ಎನಿಮಾ ಕೊಡುತ್ತೇನೆ ಅಂದರೆ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ. ಪುಡಿ ಈಗಾಗಲೇ ಕೊಟ್ಟಿದ್ದರೆ ಪೊಟ್ಟಣ ಸಮೇತ ಆಸ್ಪತ್ರೆಗೆ ತನ್ನಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಪ್ರಶ್ನೆ: ದಿನಕ್ಕೆ ಎಷ್ಟು ಸಲ ಸ್ಯಾನಿಟೈಸರ್ ಹಾಕಬೇಕು?

ಭೇದಿ ಇರುವಾಗ ಸೋಪು, ನೀರು ಬೇಕು. ಸಿ. ಡಿಫಿಸಿಲ್‌ನ ಬೀಜಕಣ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ನೋರೋವೈರಸ್ ಕೂಡ ಅಷ್ಟು ಸುಲಭವಾಗಿ ಸಾಯುವುದಿಲ್ಲ.

ಪ್ರಶ್ನೆ: ಹಣ್ಣು, ತರಕಾರಿ ಪೂರ್ತಿ ನಿಲ್ಲಿಸಬೇಕಾ?

ಬೇಡ. ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಕೊಡಿ. ಹಸಿ ಮೊಟ್ಟೆ, ಅರೆಬೆಂದ ಮಾಂಸ, ಕಾಯಿಸದ ಹಾಲು ಬೇಡ.

ಪ್ರಶ್ನೆ: ಮನೆಯಲ್ಲಿ ಎರಡು ತಿಂಗಳ ತಮ್ಮ ಇದ್ದಾನೆ. ಅವನಿಗೆ ರೋಟಾವೈರಸ್ ಲಸಿಕೆ ಹಾಕಿಸಿದರೆ ಅಕ್ಕನಿಗೆ ತೊಂದರೆಯಾ?

ತಮ್ಮನಿಗೆ ಹಾಕಿಸಿ. ಅವನಿಗೆ ನಿಜವಾದ ರೋಟಾ ಬಂದರೆ ಅಕ್ಕನಿಗೆ ಇರುವ ಅಪಾಯ ಲಸಿಕೆಯದ್ದಕ್ಕಿಂತ ಜಾಸ್ತಿ. ಇದು ಜೀವಂತ ವೈರಸ್ ಇರುವ ಲಸಿಕೆ, ಹಾಗಾಗಿ ಕೆಲವು ದಿನ ಅವನ ಮಲದಲ್ಲಿ ವೈರಸ್ ಬರಬಹುದು. ಡೈಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಆ ಕೆಲಸ ಅಕ್ಕನಿಗೆ ಬಿಡಬೇಡಿ.