ಕಿರುಬೆರಳುದ್ದದ ಗೂಡ್ಸ್ ವ್ಯಾಗನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಅತಿ ಚಿಕ್ಕ ಅಳತೆಯ ಮಾಡೆಲ್ ರೈಲಿನ ಬೋಗಿ, ವ್ಯಾಗನ್‌ಗಳ ಸಂಗ್ರಹದ ಬಗ್ಗೆ. ಎಂಜಿನ್ ಬಗ್ಗೆ ಒಬ್ಬರೂ ಕೇಳಿಲ್ಲ. ನನಗಂತೂ ಖುಷಿಯಾಯಿತು. ಎಂಜಿನ್ ಎಲ್ಲರ ಕಣ್ಣಿಗೂ ತಾನಾಗಿ ಬೀಳುತ್ತದೆ. ವ್ಯಾಗನ್ ನೋಡೋಕೆ ಸ್ವಲ್ಪ ತಾಳ್ಮೆ ಬೇಕು.

ಪ್ರಶ್ನೆ: ಅಣ್ಣ ಅಮೆರಿಕದಿಂದ ಬರುವಾಗ ಕಿರುಬೆರಳಿನಷ್ಟುದ್ದದ ಎರಡು ಗೂಡ್ಸ್ ವ್ಯಾಗನ್ ತಂದುಕೊಟ್ಟ. ಡಬ್ಬಿ ಮೇಲೆ ‘ಝಡ್ ಸ್ಕೇಲ್’ ಅಂತಿದೆ. ಮನೆಯವರು ಆಟಿಕೆ ಅಂತ ನಗ್ತಾರೆ. ಇದರಲ್ಲಿ ಸಂಗ್ರಹಿಸುವಂಥದ್ದು ಏನಿದೆ? (ಮೈಸೂರು)

ಮನೆಯವರು ನಗಲಿ ಬಿಡಿ. ಮೊದಲು ಒಂದು ಲೂಪ್ ತೆಗೆದುಕೊಳ್ಳಿ. ಚಿನಿವಾರರು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ತಾರಲ್ಲ, ಅದೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಮೂರನೇ ವ್ಯಾಗನ್ ಆಮೇಲೆ ಕೊಂಡರಾಯಿತು.

ಝಡ್ ಅಂದರೆ 1:220. ನಿಜವಾದ ಗಾಡಿಯ 220ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ ಬರೀ 6.5 ಮಿ.ಮೀ. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1972ರಲ್ಲಿ ಇದನ್ನು ‘ಮಿನಿ-ಕ್ಲಬ್’ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಇಷ್ಟು ಚಿಕ್ಕದು ಓಡುತ್ತದಾ ಅಂತ ಆಗಲೂ ಜನಕ್ಕೆ ಅನುಮಾನವಿತ್ತು. 1978ರಲ್ಲಿ ಆರು ಬೋಗಿ ಎಳೆದುಕೊಂಡು ಒಂದು ಪುಟ್ಟ ಎಂಜಿನ್ 1,219 ಗಂಟೆ ನಿಲ್ಲದೆ ಓಡಿತು. ಒಟ್ಟು 720 ಕಿ.ಮೀ. ಅದು ಗಿನ್ನೆಸ್ ದಾಖಲೆಯಾಯಿತು.

ನಿಮ್ಮ ವ್ಯಾಗನ್ ಅಮೆರಿಕದ ‘ಬಾಕ್ಸ್‌ಕಾರ್’ ಇರಬೇಕು, ಅಂದರೆ ನಾಲ್ಕೂ ಕಡೆ ಮುಚ್ಚಿದ ಗೂಡ್ಸ್ ವ್ಯಾಗನ್. ನಲವತ್ತು ಅಡಿಯ ನಿಜವಾದ ಗಾಡಿ ಈ ಅಳತೆಯಲ್ಲಿ ಸುಮಾರು 55 ಮಿ.ಮೀ. ಆಗುತ್ತದೆ. ಈಗ ಲೂಪ್ ಹಿಡಿದು ಪಕ್ಕದ ಗೋಡೆ ನೋಡಿ. ಎಡಗಡೆ ರೈಲ್ವೆ ಕಂಪನಿಯ ಇನಿಷಿಯಲ್, ಅದರ ಕೆಳಗೆ ವ್ಯಾಗನ್ ನಂಬರ್. ಅದಕ್ಕೂ ಕೆಳಗೆ ಮೂರು ಸಣ್ಣ ಸಾಲು: ಎಷ್ಟು ಹೊರುತ್ತದೆ, ಹೆಚ್ಚೆಂದರೆ ಎಷ್ಟು ತುಂಬಬಹುದು, ಖಾಲಿ ಗಾಡಿಯ ತೂಕ ಎಷ್ಟು. ಬಲಗಡೆ ಒಳಗಿನ ಉದ್ದಗಲ, ಕಟ್ಟಿದ ವರ್ಷ. ನಿಜವಾದ ಗಾಡಿಯಲ್ಲಿ ಮೂರು ಇಂಚು ಎತ್ತರದ ಅಕ್ಷರ ಇಲ್ಲಿ 0.35 ಮಿ.ಮೀ. ಬರಿಗಣ್ಣಿಗೆ ಅದು ಬಿಳಿ ಧೂಳಿನ ಗೆರೆ. ಲೂಪ್‌ನಲ್ಲಿ ಓದೋಕೆ ಬರುತ್ತದೆ!

ಇದನ್ನು ಸ್ಟಿಕ್ಕರ್ ಅಂಟಿಸಿ ಮಾಡುವುದಲ್ಲ. ಪ್ಯಾಡ್ ಪ್ರಿಂಟಿಂಗ್ ಅಂತ ಒಂದು ವಿಧಾನ. ತಗಡಿನ ಮೇಲೆ ಅಕ್ಷರವನ್ನು ತೆಳ್ಳಗೆ ಕೊರೆಯುತ್ತಾರೆ. ಅದಕ್ಕೆ ಶಾಯಿ ತುಂಬಿ ಮೇಲ್ಮೈ ಒರೆಸುತ್ತಾರೆ. ಗುಳಿಯಲ್ಲಿ ಉಳಿದ ಶಾಯಿಯನ್ನು ಮೆತ್ತನೆಯ ಸಿಲಿಕೋನ್ ಪ್ಯಾಡ್ ಎತ್ತಿಕೊಂಡು ವ್ಯಾಗನ್ ಮೇಲೆ ಒತ್ತುತ್ತದೆ. ರಬ್ಬರ್ ಸ್ಟಾಂಪ್ ಥರಾನೇ, ಆದರೆ ಪ್ಯಾಡ್ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ತಗಡು, ಬೇರೆ ಒತ್ತು. ನಾಲ್ಕು ಬಣ್ಣದ ಲಾಂಛನ ಅಂದರೆ ಕಡಿಮೆಯೆಂದರೂ ನಾಲ್ಕು ಸಲ ಅದೇ ಜಾಗಕ್ಕೆ ಒತ್ತಬೇಕು. ಕೂದಲೆಳೆ ಜರುಗಿದರೂ ಒಂದು ಬಣ್ಣ ಪಕ್ಕಕ್ಕೆ ಇಣುಕುತ್ತದೆ.

ಒಳ್ಳೆಯ ವ್ಯಾಗನ್ ಗುರುತಿಸುವುದು ಹೇಗೆ ಅಂದರೆ ನಾನು ಹೇಳೋದು ಇದೊಂದೇ ಜಾಗ: ಗೋಡೆಯ ಮೇಲಿನ ಉಬ್ಬುಪಟ್ಟಿಗಳು. ಅಕ್ಷರ ಪಟ್ಟಿಯ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತುತ್ತದಲ್ಲ, ಆ ಅಂಚಿನಲ್ಲಿ ಶಾಯಿ ತುಂಡಾಗಿದೆಯಾ ನೋಡಿ. ಅಲ್ಲಿ ತುಂಡಾಗದೆ ಹರಿದಿದ್ದರೆ ಮಾಡಿದವರಿಗೆ ನಮಸ್ಕಾರ ಹೇಳಬಹುದು. ಅಮೆರಿಕದ ಓರೆಗಾನ್ ರಾಜ್ಯದ ಮೈಕ್ರೊ-ಟ್ರೇನ್ಸ್ ಕಂಪನಿ ಹೆಸರು ಮಾಡಿದ್ದೇ ಈ ಕೆಲಸಕ್ಕೆ. ಅದು ಕೇಡೀ ಅನ್ನುವ ಕಂಪನಿಯಿಂದ 1990ರಲ್ಲಿ ಬೇರೆಯಾದದ್ದು. ನಿಮ್ಮ ಡಬ್ಬಿ ಮೇಲೂ ಇವೆರಡರಲ್ಲಿ ಒಂದು ಹೆಸರು ಇರಬಹುದು, ನೋಡಿ.

ಪ್ರಶ್ನೆ: ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಮ್ಯಾರ್ಕ್ಲಿನ್ ಮಿನಿ-ಕ್ಲಬ್ ಬೋಗಿಗಳು ಸಿಗ್ತವೆ. ಏನು ನೋಡಿ ಕೊಳ್ಳಬೇಕು?

ನಿಮ್ಮ ಅದೃಷ್ಟ ನೋಡಿ, ಮ್ಯಾರ್ಕ್ಲಿನ್‌ನ ಊರು ಗೊಪ್ಪಿಂಗನ್ ನಿಮಗೆ ಪಕ್ಕದಲ್ಲೇ. ಉಲ್ಮ್ ಕಡೆ ಹೋಗುವ ರೈಲು ಹತ್ತಿದರೆ ಸುಮಾರು 40 ಕಿ.ಮೀ. 1859ರಲ್ಲಿ ಗೊಂಬೆಮನೆಯ ಅಡುಗೆ ಸಾಮಾನು ಮಾಡುತ್ತಾ ಶುರುವಾದ ಕಂಪನಿ ಅದು. ಒಂದು ಭಾನುವಾರ ಅವರ ಮ್ಯೂಸಿಯಂ ನೋಡಿಕೊಂಡು ಬನ್ನಿ. ಕಂಪನಿಯ ಮ್ಯೂಸಿಯಂಗೆ 2005ರ ಜನವರಿಯಲ್ಲಿ ಕಳ್ಳರು ನುಗ್ಗಿ ಹತ್ತು ಲಕ್ಷ ಯೂರೋಗೂ ಜಾಸ್ತಿ ಬೆಲೆಯ ಹಳೇ ರೈಲುಗಳನ್ನು ಹೊತ್ತೊಯ್ದಿದ್ದರು. ಕೆಲವೇ ತಿಂಗಳಲ್ಲಿ ಮಾಲು ಸಿಕ್ಕಿತು ಅನ್ನಿ. ಅಷ್ಟು ಹೆಸರಾದ ಸರಕನ್ನು ಮಾರೋದಾದರೂ ಯಾರಿಗೆ?

ಸಂತೆಗೆ ಬರೋಣ. ಮೊದಲು ಡಬ್ಬಿ ನೋಡಿ. ಹಳೆಯ ಮಿನಿ-ಕ್ಲಬ್ ಸಾಮಾನಿಗೆ ನಾಲ್ಕಂಕಿಯ ನಂಬರ್. ಮೊದಲ ಎಂಜಿನ್‌ಗಳಲ್ಲಿ ಒಂದರ ನಂಬರ್ 8800. ಐದಂಕಿಯದು ಆಮೇಲೆ ಬಂದದ್ದು. ಡಬ್ಬಿಯಲ್ಲಿ ‘ಪಶ್ಚಿಮ ಜರ್ಮನಿ’ ಅಂತ ಅಚ್ಚಾಗಿದ್ದರೆ 1990ರ ಒಂದುಗೂಡುವಿಕೆಗೆ ಮುಂಚಿನ ಡಬ್ಬಿ. ಜರ್ಮನಿಯ ಹಳೇ ನಾಣ್ಯವಾದ ಮಾರ್ಕ್‌ನಲ್ಲಿ ಬೆಲೆ ಚೀಟಿ ಉಳಿದಿದ್ದರೆ ಅದೂ ಒಂದು ಸುಳಿವು. ಆದರೆ ಡಬ್ಬಿಯೊಳಗೆ ಇರೋದು ಅದೇ ಬೋಗಿನಾ ಅಂತ ನಂಬರ್ ತಾಳೆ ಹಾಕಿ. ಸಂತೆಯಲ್ಲಿ ಡಬ್ಬಿ ಒಂದು ಬೋಗಿ ಇನ್ನೊಂದು ಆಗೋದು ಮಾಮೂಲು. ಮೋಸವೇ ಇರಬೇಕಿಲ್ಲ, ಮಕ್ಕಳು ಆಟ ಮುಗಿಸಿ ಸಿಕ್ಕ ಡಬ್ಬಿಗೆ ತುಂಬಿರುತ್ತಾರೆ.

ಆಮೇಲೆ ಬೋಗಿ. ತಲೆಕೆಳಗೆ ಮಾಡಿ ಚಕ್ರವನ್ನು ಉಗುರಿನಿಂದ ಮೆಲ್ಲಗೆ ತಿರುಗಿಸಿ. ಸರಾಗವಾಗಿ ತಿರುಗಬೇಕು. ಚಕ್ರದ ಅಚ್ಚಿಗೆ ಕೂದಲು, ಕಾರ್ಪೆಟ್ ನೂಲು ಸುತ್ತಿದ್ದರೆ ಚಿಮಟದಿಂದ ತೆಗೆಯಬಹುದು, ಅದಕ್ಕೆ ಹೆದರಬೇಡಿ. ಕಪ್ಲಿಂಗ್ ಕೊಂಡಿ ಎರಡೂ ತುದಿಯಲ್ಲಿ ಇದೆಯಾ, ಒತ್ತಿದರೆ ವಾಪಸ್ ಬರುತ್ತದಾ ನೋಡಿ. ಮೆಟ್ಟಿಲು, ಬ್ರೇಕ್‌ಮ್ಯಾನ್ (ಬ್ರೇಕ್ ಹಾಕುವ ಸಿಬ್ಬಂದಿ) ಕೂರುವ ಗೂಡಿನ ಮೂಲೆ, ಬಫರ್ (ಬೋಗಿಯ ತುದಿಯಲ್ಲಿ ಗುದ್ದು ತಡೆಯುವ ಗುಂಡಿ) ಮೊದಲು ಮುರಿಯುವ ಜಾಗಗಳು. ಒಂದು ಬಫರ್ ಹೋಗಿದ್ದರೂ ಓಡಿಸುವವರಿಗೆ ಪರವಾಗಿಲ್ಲ, ಬೆಲೆ ಮಾತ್ರ ಅರ್ಧಕ್ಕೆ ಕೇಳಿ.

ಜೊತೆಗೆ ಎಂಜಿನ್ ಕೊಟ್ಟರೆ ಅಲ್ಲೇ ಓಡಿಸಿ ತೋರಿಸಿ ಅಂತ ಹಟ ಹಿಡಿಯಬೇಡಿ. ಇಪ್ಪತ್ತು ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಎಂಜಿನ್‌ನ ಎಣ್ಣೆ ಗಟ್ಟಿಯಾಗಿ ಗೋಂದಿನಂತಾಗಿರುತ್ತದೆ. ಆ ಸ್ಥಿತಿಯಲ್ಲಿ ಕರೆಂಟ್ ಕೊಟ್ಟರೆ ಮೋಟರ್ ಸುಟ್ಟೀತು. ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಬೇಕು. ಹಳೆಯವು 8 ವೋಲ್ಟಿನವು, ಆಮೇಲಿನವು 10. ಬೇರೆ ಅಳತೆಯ ರೈಲಿನ 12 ವೋಲ್ಟ್ ಕಂಟ್ರೋಲರ್ ಇದಕ್ಕೆ ಚುಚ್ಚಬೇಡಿ.

ಇನ್ನೊಂದು ಮಾತು. ಮ್ಯೂಸಿಯಂನಲ್ಲಿ ಮಾತ್ರ ಮಾರುವ ವಾರ್ಷಿಕ ವ್ಯಾಗನ್, ಕಂಪನಿಯ ಕ್ಲಬ್ ಸದಸ್ಯರಿಗೆ ಕೊಡುವ ವಾರ್ಷಿಕ ವ್ಯಾಗನ್ ಅಂತ ಬರುತ್ತವೆ. ಸಂತೆಯಲ್ಲಿ ‘ಅಪರೂಪ’ ಅಂತ ಜಾಸ್ತಿ ಹೇಳಿದರೆ ನಂಬಬೇಡಿ. ಇವನ್ನು ಜನ ಮುಚ್ಚಟೆಯಿಂದ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಮತ್ತೆ ಮತ್ತೆ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಮಕ್ಕಳು ಆಡಿ ಹಾಳು ಮಾಡುವ ಸಾದಾ ಕಲ್ಲಿದ್ದಲು ವ್ಯಾಗನ್ ಚೆನ್ನಾಗಿ ಉಳಿದು ಡಬ್ಬಿ ಸಮೇತ ಸಿಗೋದೇ ಕಷ್ಟ.

ಪ್ರಶ್ನೆ: ಓರೆಗಾನ್‌ನಲ್ಲಿರುವ ಕನ್ನಡಿಗ. ಒಂದೇ ವ್ಯಾಗನ್ನು, ಒಂದೇ ಬಣ್ಣ, ನಂಬರ್ ಮಾತ್ರ ಬೇರೆ ಮಾಡಿ ಮತ್ತೆ ಮತ್ತೆ ಮಾರ್ತಾರೆ. ಇದು ದುಡ್ಡು ಕೀಳುವ ಉಪಾಯ ಅಲ್ವಾ?

ಅರ್ಧ ಹೌದು. ಉಳಿದರ್ಧಕ್ಕೆ ಕಾರಣ ಇದೆ.

ನಿಜವಾದ ರೈಲ್ವೆಯಲ್ಲಿ ಪ್ರತಿ ವ್ಯಾಗನ್‌ಗೂ ಅದರದ್ದೇ ನಂಬರ್. ಹತ್ತು ವ್ಯಾಗನ್ ಗಾಡಿಯಲ್ಲಿ ಹತ್ತಕ್ಕೂ ಒಂದೇ ನಂಬರ್ ಇದ್ದರೆ ಗೊತ್ತಿದ್ದವರ ಕಣ್ಣಿಗೆ ಚುಚ್ಚುತ್ತದೆ. ಕಲ್ಲಿದ್ದಲು, ಧಾನ್ಯದ ಗಾಡಿ ಕಟ್ಟುವವರಿಗೆ ಬೇರೆ ಬೇರೆ ನಂಬರ್ ಬೇಕೇ ಬೇಕು. ಆದರೆ ಬಾಕ್ಸ್‌ಕಾರ್‌ಗೆ ಈ ಕಷ್ಟವಿಲ್ಲ. ಅಮೆರಿಕದಲ್ಲಿ ಒಂದು ಕಂಪನಿಯ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ದೇಶವಿಡೀ ಓಡಾಡುತ್ತದೆ. ಹಾಗಾಗಿ ಬೇರೆ ಬೇರೆ ಕಂಪನಿಯ ಒಂದೊಂದು ವ್ಯಾಗನ್ ಸೇರಿಸಿದರೂ ಗಾಡಿ ಸಹಜವಾಗಿಯೇ ಕಾಣುತ್ತದೆ. ದುಡ್ಡೂ ಉಳಿಯುತ್ತದೆ.

ನಂಬರ್‌ಗಿಂತ ನೀವು ನೋಡಬೇಕಾದದ್ದು ವರ್ಷ. ಹಳೇ ಬಾಕ್ಸ್‌ಕಾರ್‌ಗಳ ಸೂರಿನ ಮೇಲೆ ಉದ್ದಕ್ಕೂ ಒಂದು ನಡೆದಾರಿ ಇರುತ್ತಿತ್ತು. ಬ್ರೇಕ್‌ಮ್ಯಾನ್ ಓಡುವ ಗಾಡಿಯ ಮೇಲೆ ನಡೆದು ಹೋಗುತ್ತಿದ್ದ ಕಾಲದ್ದು. 1960ರ ದಶಕದ ನಡುವಿನಿಂದ ಹೊಸ ವ್ಯಾಗನ್‌ಗಳಿಗೆ ಅದನ್ನು ಬಿಟ್ಟರು. ಅಪಾಯ ಅಂತ. ಈಗ ನಿಮ್ಮ ವ್ಯಾಗನ್ ತೆಗೆದು ಬಲಗಡೆ ಅಚ್ಚಾದ ವರ್ಷ ಓದಿ. 1974 ಅಂತಿದ್ದು ಸೂರಿನ ಮೇಲೆ ನಡೆದಾರಿ ಇದ್ದರೆ ಕಂಪನಿಯವರು ಇದ್ದ ಅಚ್ಚಿನಲ್ಲೇ ಹೊಸ ಬಣ್ಣ ಹೊಡೆದು ಕೈ ತೊಳೆದುಕೊಂಡಿದ್ದಾರೆ ಅಂತ ಅರ್ಥ. ನನಗೆ ಅಂಥದ್ದು ಬೇಡ. ಬಣ್ಣ ಚೆನ್ನಾಗಿದೆ ಅಂತ ಇಟ್ಟುಕೊಳ್ಳುವವರೂ ಇದ್ದಾರೆ, ಅವರಿಷ್ಟ.

ಕ್ಲಬ್‌ಗಳು, ಅಂಗಡಿಗಳು ತಮಗಾಗಿಯೇ ಮಾಡಿಸುವ ‘ಸ್ಪೆಷಲ್ ರನ್’ ವ್ಯಾಗನ್‌ಗಳ ಬಗ್ಗೆಯೂ ಒಂದು ಮಾತು. ಕಡಿಮೆ ಸಂಖ್ಯೆಯಲ್ಲಿ ಮಾಡಿದ್ದು ನಿಜ. ಕೊಳ್ಳುವವರೂ ಕಡಿಮೆಯೇ ಅಲ್ವಾ? ಮುಂದೆ ಬೆಲೆ ಏರುತ್ತದೆ ಅಂತ ಕೊಳ್ಳಬೇಡಿ. ಒಂದು ರೈಲ್ವೆ ಕಂಪನಿ, ಇಲ್ಲವೇ ಒಂದು ದಶಕ ಆರಿಸಿಕೊಂಡು ಅದರ ಸುತ್ತಲೇ ಕೊಳ್ಳಿ. ಇಪ್ಪತ್ತು ವ್ಯಾಗನ್‌ನಲ್ಲೇ ಒಂದು ರೂಪ ಬರುತ್ತದೆ. ಕಂಡದ್ದೆಲ್ಲ ಕೊಂಡರೆ ಇನ್ನೂರಾದರೂ ಬರಲ್ಲ.

ಪ್ರಶ್ನೆ: ಮಂಗಳೂರಿನ ಮಳೆಗಾಲದಲ್ಲಿ ಇವನ್ನು ಕಾಪಾಡೋದು ಹೇಗೆ? ಅಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಇಡು ಅಂತಾರೆ.

ಅಮ್ಮನ ಬೀರುವಿನಲ್ಲಿ ನುಸಿಗುಳಿಗೆ ಇದೆಯಾ? ಇದ್ದರೆ ಖಂಡಿತ ಬೇಡ. ನ್ಯಾಫ್ತಲೀನ್ ಆವಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಮಾಡೆಲ್ ರೈಲಿನ ಎಷ್ಟೋ ಭಾಗಗಳು ಅದೇ ಜಾತಿಯ ಪ್ಲಾಸ್ಟಿಕ್‌ನವು.

ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಬಣ್ಣ ಬದಲಾಗುವ ಜೆಲ್ ತಗೊಂಡರೆ ತೇವ ಹೀರಿದ್ದು ಗೊತ್ತಾಗುತ್ತದೆ. ಹಳೇ ಡಬ್ಬಿಯೊಳಗಿನ ಸ್ಪಾಂಜ್ ಮುಟ್ಟಿ ನೋಡಿ. ಬೆರಳಿಗೆ ಅಂಟುತ್ತಿದ್ದರೆ ಈಗಲೇ ತೆಗೆದು ಬಿಸಾಕಿ. ಅದು ಕರಗುತ್ತಾ ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್, ಮೆತ್ತನೆಯ ಪಿವಿಸಿ ಹಾಳೆ ಕೂಡ ಬೇಡ. ಆಮ್ಲ ಇಲ್ಲದ ಟಿಶ್ಯೂ ಕಾಗದ ಸುತ್ತಿ.

ಲೋಹದ ಅಡಿಭಾಗ ಉಬ್ಬಿ, ಕೂದಲಿನಂಥ ಬಿರುಕು ಬಿಡುತ್ತಿದ್ದರೆ ಅದು ‘ಝಿಂಕ್ ಪೆಸ್ಟ್’. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರ ಫಲ. ತೇವದಲ್ಲಿ ಬೇಗ ಹರಡುತ್ತದೆ. ವಾಸಿಯಾಗಲ್ಲ. ಆದರೆ ಪಕ್ಕದ ವ್ಯಾಗನ್‌ಗೆ ಅಂಟುವ ಕಾಯಿಲೆ ಅಲ್ಲ, ಅಷ್ಟು ಸಮಾಧಾನ.

ಪ್ರಶ್ನೆ: ನಮ್ಮ ಬೋಗಿಗಳನ್ನು ಇಷ್ಟು ಚಿಕ್ಕದಾಗಿ ಮಾಡೋಕೆ ಆಗುತ್ತಾ? ಚಿಕ್ಕಂದಿನಲ್ಲಿ ನೋಡಿದ ಮೀಟರ್ ಗೇಜ್ ಗಾಡಿ ಕಟ್ಟುವ ಆಸೆ. (ಹುಬ್ಬಳ್ಳಿ)

ಆಗುತ್ತದೆ, ಮತ್ತು ನಿಮ್ಮ ಆಸೆಗೆ ಲೆಕ್ಕವೂ ಒದಗಿ ಬರುತ್ತದೆ.

ಬ್ರಾಡ್ ಗೇಜ್ ಆಗಿದ್ದರೆ ಕಷ್ಟವಿತ್ತು. ನಮ್ಮ ಹಳಿಯ ಅಗಲ 1,676 ಮಿ.ಮೀ. ಝಡ್ ಅಳತೆಗೆ ಇಳಿಸಿದರೆ 7.6 ಮಿ.ಮೀ. ಬೇಕು, ಸಿಗುವ ಹಳಿ 6.5. ಚೆನ್ನೈನ ಬೋಗಿ ಕಾರ್ಖಾನೆ ಐಸಿಎಫ್‌ನ ನೀಲಿ ಬೋಗಿ ಸುಮಾರು 97 ಮಿ.ಮೀ. ಉದ್ದಕ್ಕೆ ಚೆನ್ನಾಗಿಯೇ ಕೂರುತ್ತದೆ, ಆದರೆ ಕಾಲು ಒಳಗೆ ಸೇರಿಸಿಕೊಂಡು ನಿಂತಂತೆ ಕಾಣುತ್ತದೆ.

ಮೀಟರ್ ಗೇಜ್‌ಗೆ ಬೇರೆ ದಾರಿ ಹಿಡಿಯಿರಿ. ಬೋಗಿಯನ್ನು ಒಂದು ಅಳತೆ ದೊಡ್ಡದಾಗಿ, ಅಂದರೆ ಎನ್ ಸ್ಕೇಲ್‌ನ 1:160ಕ್ಕೆ ಮಾಡಿ. ಓಡಿಸುವುದು ಮಾತ್ರ ಝಡ್ ಹಳಿಯ ಮೇಲೆ. 6.5 ಮಿ.ಮೀ. ಅನ್ನು 160ರಿಂದ ಗುಣಿಸಿದರೆ 1,040 ಬರುತ್ತದೆ. ಮೀಟರ್‌ಗಿಂತ ನಾಲ್ಕು ಬೆರಳು ಕೂಡ ಹೆಚ್ಚಿಲ್ಲ. ಯುರೋಪಿನಲ್ಲಿ ಸ್ವಿಟ್ಜರ್ಲೆಂಡ್‌ನ ಮೀಟರ್ ಗೇಜ್ ಗಾಡಿಗಳನ್ನು ಮಾಡುವವರು ಬಳಸುವುದೂ ಇದೇ ಉಪಾಯ. ಅಡಿಗೆ ಝಡ್ ಬೋಗಿಯ ಚಕ್ರಗಳು, ಮೇಲೆ ತ್ರೀಡಿ ಪ್ರಿಂಟ್ ಮಾಡಿದ ಮೈ. ಪ್ರಿಂಟ್‌ಗೆ ಪ್ಲಾಸ್ಟಿಕ್ ದಾರ ಕರಗಿಸುವ ಪ್ರಿಂಟರ್ ಬೇಡ, ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವ ರೆಸಿನ್ ಪ್ರಿಂಟರ್ ಇರುವವರನ್ನು ಹುಡುಕಿ. ದಾರದ್ದರಲ್ಲಿ ಕಿಟಕಿ ಸರಳು ಬರಲ್ಲ. ಅಳತೆ ತೆಗೆಯೋಕೆ ಮೈಸೂರಿನ ರೈಲು ಮ್ಯೂಸಿಯಂಗೆ ಒಂದು ಟೇಪ್ ಹಿಡಿದು ಹೋಗಿ. ಹಳೇ ಮೀಟರ್ ಗೇಜ್ ಸಾಮಾನು ಅಲ್ಲಿದೆ.

ಜಪಾನಿನಲ್ಲಿ 2006ರಲ್ಲಿ ತೋರಿಸಿದ ಟಿ ಗೇಜ್ ಅಂತ ಇನ್ನೂ ಚಿಕ್ಕದೊಂದಿದೆ. 1:450, ಹಳಿ 3 ಮಿ.ಮೀ. ನೋಡೋಕೆ ಮಜಾ. ಸ್ವಂತ ಬೋಗಿ ಕಟ್ಟುವವರು ಅದರ ಸಹವಾಸಕ್ಕೆ ಹೋಗಬೇಡಿ.

ಚಕ್ರ, ಹಳಿ ಹೊರದೇಶದಿಂದಲೇ ತರಿಸಬೇಕಾದೀತು. ಕಸ್ಟಮ್ಸ್‌ನವರಿಗೆ ಇದೆಲ್ಲ ಆಟಿಕೆಯೇ. ಆಟಿಕೆಯ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಆರ್ಡರ್ ಮಾಡುವ ದಿನದ ದರ ನೋಡಿಕೊಳ್ಳಿ, ಕೊರಿಯರ್‌ನವರು ಮೇಲೆ ಹಾಕುವ ಶುಲ್ಕವನ್ನೂ ಮೊದಲೇ ಕೇಳಿ. ಪರಿಚಯದವರು ಊರಿಗೆ ಬರುವುದಿದ್ದರೆ ಅವರ ಕೈಲೇ ಹೇಳಿ ಕಳಿಸಿ. ನಾಲ್ಕು ಬೋಗಿಯ ಚಕ್ರ ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆ.