ಸಂಪಾದಕರ ಉತ್ತರ: ಬಿಲ್ಲೆ ಇಳಿಸುವವರ ಪರವಾಗಿ

ಕೆರೆ ಸ್ವಚ್ಛತಾ ತಂಡವೊಂದರ ಹುರುಪಿನ ಕಾರ್ಯಕರ್ತರೊಬ್ಬರು ಬರೆದಿದ್ದಾರೆ. ಅವರ ತಂಡ ಭಾನುವಾರಗಳಂದು ದಂಡೆಯ ಪ್ಲಾಸ್ಟಿಕ್ ಹೆಕ್ಕುತ್ತದೆ, ಅಂತರಗಂಗೆ ಎಳೆದು ಹಾಕುತ್ತದೆ. ಈಚೆಗೆ ಇಬ್ಬರು ಸದಸ್ಯರು ಆ ಕೆಲಸ ಬಿಟ್ಟು, ಹಗ್ಗಕ್ಕೆ ಕಟ್ಟಿದ ಬಿಲ್ಲೆಯೊಂದನ್ನು ನೀರಿಗೆ ಇಳಿಸುತ್ತ, ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತ ಕೂರುತ್ತಾರಂತೆ. “ಕೈ ಕೆಸರಾಗದ ಇದನ್ನು ಸೇವೆ ಎನ್ನಬೇಕೆ? ಅಳೆಯಲು ತಜ್ಞರಿಲ್ಲವೇ?” ಎಂಬುದು ಅವರ ಪ್ರಶ್ನೆ.

ಕಸ ಹೆಕ್ಕುವವರ ಬಗ್ಗೆ ನನಗೆ ಗೌರವವಿದೆ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವ ಬಲೆಯ ದಾರವನ್ನು ತೆಗೆದರೂ ಅದು ಪುಣ್ಯದ ಕೆಲಸವೇ, ಮತ್ತು ಕೆರೆಯತ್ತ ತಲೆಹಾಕದ ಜನರನ್ನು ದಂಡೆಗೆ ಕರೆತರುವ ಶಕ್ತಿ ಆ ಕೆಲಸಕ್ಕಿದೆ. ಆದರೆ ಗೆಳೆಯರೇ, ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸು ವಾಲಿದ್ದು ಆ ಇಬ್ಬರು ಸದಸ್ಯರ ಕಡೆಗೆ.

ಅವರ ಕೈಯಲ್ಲಿರುವ ಬಿಲ್ಲೆಗೆ ದೊಡ್ಡ ವಂಶಾವಳಿಯಿದೆ. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಳ ವಿಜ್ಞಾನಿಯೂ ಆಗಿದ್ದ ಆಂಜೆಲೊ ಸೆಕ್ಕಿ, ಪೋಪ್ ಅವರ ಹಡಗಿನಿಂದ ಬಿಳಿಯ ಬಿಲ್ಲೆಗಳನ್ನು ಸಮುದ್ರಕ್ಕೆ ಇಳಿಸಿ, ಅವು ಯಾವ ಆಳದಲ್ಲಿ ಕಣ್ಮರೆಯಾಗುತ್ತವೆ ಎಂದು ನೋಡಿದರು. ಇಂದು ಕೆರೆಗಳಲ್ಲಿ ಬಳಸುವುದು ಸಾಮಾನ್ಯವಾಗಿ 20 ಸೆಂಟಿಮೀಟರ್ ಅಗಲದ ಕಪ್ಪು–ಬಿಳುಪು ಬಿಲ್ಲೆ. ಅದು ಬೇಗ ಮರೆಯಾಯಿತೆಂದರೆ ನೀರಿನಲ್ಲಿ ಪಾಚಿಯೋ ಹೂಳಿನ ಕಣವೋ ಹೆಚ್ಚಿದೆ ಎಂದರ್ಥ. ಒಂದು ದಿನದ ಅಳತೆ ಹೆಚ್ಚೇನೂ ಹೇಳುವುದಿಲ್ಲ. ಹಲವು ವರ್ಷಗಳ ಅಳತೆ ಸೇರಿದಾಗ ಕೆರೆ ಯಾವ ದಿಕ್ಕಿಗೆ ಹೊರಟಿದೆ ಎಂಬುದು ತಾನಾಗಿ ಕಾಣುತ್ತದೆ.

ಕೆರೆ ಸಾಯುವುದು ಬಹುತೇಕ ತೇಲುವ ಬಾಟಲಿಗಳಿಂದಲ್ಲ, ಕಣ್ಣಿಗೆ ಕಾಣದೆ ಕರಗಿ ಬರುವ ವಸ್ತುಗಳಿಂದ. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಸರೋವರವೊಂದನ್ನು ಪರದೆಯಿಂದ ಎರಡಾಗಿ ವಿಂಗಡಿಸಿ, ಎರಡೂ ಪಾಲಿಗೆ ಇಂಗಾಲ ಮತ್ತು ಸಾರಜನಕವನ್ನೂ, ಒಂದು ಪಾಲಿಗೆ ಮಾತ್ರ ಅದರೊಂದಿಗೆ ರಂಜಕವನ್ನೂ ಬೆರೆಸಿದರು. ರಂಜಕ ಸೇರಿದ ಪಾಲು ಪಾಚಿಯಿಂದ ಹಸಿರಾಯಿತು. ಮನೆಗಳ ಕೊಳಚೆಯಲ್ಲಿ, ಹೊಲದಿಂದ ಕೊಚ್ಚಿ ಬರುವ ಗೊಬ್ಬರದಲ್ಲಿ ಇರುವುದು ಇದೇ ರಂಜಕ. ನಿಮ್ಮ ಅಂತರಗಂಗೆ ಕೊಬ್ಬುವುದೂ ಇಂಥ ಪೋಷಕಾಂಶಗಳಿಂದಲೇ. ಎಳೆದ ಗಿಡಗಳನ್ನು ದಂಡೆಯಲ್ಲೇ ರಾಶಿ ಹಾಕುತ್ತಿದ್ದರೆ ಅವು ಕೊಳೆತು, ಮಳೆ ಬಂದಾಗ ಆ ಸಾರವೆಲ್ಲ ಮರಳಿ ನೀರಿಗೇ ಸೇರುತ್ತದೆ. ಒಳಹರಿವನ್ನು ಗಮನಿಸದೆ ಕಸವನ್ನಷ್ಟೇ ತೆಗೆಯುವುದು, ಜ್ವರ ಎಷ್ಟಿದೆಯೆಂದು ನೋಡದೆ ರೋಗಿಯ ಬೆವರು ಒರೆಸುತ್ತ ಕೂತಂತೆ.

ಮೀನು ಸತ್ತು ತೇಲಿದ ಬೆಳಗ್ಗೆ ಏನಾಗುತ್ತದೆಂದು ನೀವೂ ನೋಡಿರುತ್ತೀರಿ. ಯಾರೋ ವಿಷ ಹಾಕಿದರೆಂಬ ಗುಲ್ಲು ಏಳುತ್ತದೆ. ವಿಷವೂ ಇರಬಹುದು, ಆದರೆ ದಟ್ಟ ಪಾಚಿ ರಾತ್ರಿಯಿಡೀ ಉಸಿರಾಡಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನಸುಕಿನ ಹೊತ್ತಿಗೆ ಬರಿದು ಮಾಡಿರುವ ಸಾಧ್ಯತೆಯೂ ಅಷ್ಟೇ ಇದೆ. ಎರಡರಲ್ಲಿ ಯಾವುದೆಂದು ಹೇಳಲು ಅಂದಿನ ನಸುಕಿನ ಅಳತೆ ಬೇಕು. ತಜ್ಞರು ಬಂದು ನೋಡುವುದು ಮಧ್ಯಾಹ್ನ. ಬಿಸಿಲಿಗೆ ಪಾಚಿ ಮತ್ತೆ ಆಮ್ಲಜನಕ ತುಂಬಿಸಿರುತ್ತದೆ, ಸಾಕ್ಷ್ಯ ಅಳಿಸಿಹೋಗಿರುತ್ತದೆ. ತಜ್ಞರಿಲ್ಲವೇ ಎಂದು ಕೇಳಿದಿರಿ. ಇದ್ದಾರೆ, ಆದರೆ ಪ್ರತಿ ವಾರ ಪ್ರತಿ ಕೆರೆಯ ಬಳಿ ಇರಲು ಅವರಿಂದ ಆಗದು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 1973ರಿಂದ ಸ್ವಯಂಸೇವಕರು ಇದೇ ಬಿಲ್ಲೆಯನ್ನು ಇಳಿಸುತ್ತಿದ್ದಾರೆ. ಉಪಗ್ರಹ ಚಿತ್ರಗಳಿಂದ ಸಾವಿರಾರು ಸರೋವರಗಳ ತಿಳಿತನವನ್ನು ಅಂದಾಜು ಮಾಡುವಾಗ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಒರೆಗೆ ಹಚ್ಚಲು ಬಳಸಿದ್ದು ಅವರ ಅಂಕಿಗಳನ್ನೇ.

ಅಂಕಿ ಕೈಯಲ್ಲಿದ್ದಾಗ ಜನ ಏನು ಮಾಡಬಲ್ಲರು ಎಂಬುದಕ್ಕೆ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರವನ್ನು ನೋಡಿ. 1955ರಲ್ಲಿ ಅಲ್ಲಿ ಕಾಣಿಸಿಕೊಂಡ ಪಾಚಿಯನ್ನು ಕಂಡು ವಿಜ್ಞಾನಿ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಮುಂದೆ ಏನಾಗಲಿದೆ ಎಂದು ಎಚ್ಚರಿಸಿದರು. ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ವ್ಯವಸ್ಥೆಗೆ 1958ರ ಮಾರ್ಚ್‌ನಲ್ಲಿ ಮತದಾರರ ಒಪ್ಪಿಗೆ ಸಿಗಲಿಲ್ಲ. ನಾಗರಿಕರು ಮನೆಮನೆ ಸುತ್ತಿದರು, ಸೆಪ್ಟೆಂಬರಿನಲ್ಲಿ ಸಿಕ್ಕಿತು. 1968ರ ಹೊತ್ತಿಗೆ ಸರೋವರಕ್ಕೆ ಬೀಳುತ್ತಿದ್ದ ಕೊಳಚೆ ನಿಂತಿತು, ಸುಮಾರು ಒಂದು ಮೀಟರಿಗೆ ಇಳಿದಿದ್ದ ತಿಳಿತನ ಮುಂದಿನ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿತು. ಅಲ್ಲಿ ದಂಡೆ ಗುಡಿಸಿದವರೂ ಇದ್ದಿರಬಹುದು. ಸರೋವರ ಉಳಿದದ್ದು ಮಾತ್ರ ಕೊಳವೆಯ ದಿಕ್ಕು ಬದಲಾದದ್ದರಿಂದ.

ನನ್ನ ತಕರಾರು ನಿಜವಾಗಿ ನಿಮ್ಮ ಮೇಲಲ್ಲ. ಬ್ಯಾನರ್ ಹಿಡಿದು ನಿಂತವರ ಚಿತ್ರ ಎಲ್ಲ ಪತ್ರಿಕೆಗೂ ಬೇಕು, ಅಂಕಿ ತುಂಬಿದ ಹಾಳೆ ಯಾರಿಗೂ ಬೇಡ. ಕಾಲಕಾಲಕ್ಕೆ ಅಳೆಯಬೇಕಾದ ಕಚೇರಿಗಳು ಅಳೆದದ್ದನ್ನು ಕಪಾಟಿನಲ್ಲಿಟ್ಟು, ಸಾಮಾನ್ಯರು ಅಳೆದು ತಂದರೆ “ನಿಮಗೆ ಯಾರು ಅಧಿಕಾರ ಕೊಟ್ಟರು?” ಎಂದು ಕೇಳುತ್ತವೆ. ಪೊರಕೆ ಹಿಡಿದ ನಾಗರಿಕ ಎಲ್ಲರಿಗೂ ಇಷ್ಟ, ಏಕೆಂದರೆ ಆತ ಕೊಳವೆ ಯಾರದ್ದೆಂದು ಕೇಳುವುದಿಲ್ಲ.

ಆದ್ದರಿಂದ ಆ ಇಬ್ಬರನ್ನು ತಂಡದಿಂದ ದೂರ ಮಾಡಬೇಡಿ, ಅವರ ಜೊತೆ ಇನ್ನಿಬ್ಬರನ್ನು ಕೂರಿಸಿ. ಸೂರ್ಯ ನೆತ್ತಿಯ ಸಮೀಪವಿರುವಾಗ, ದೋಣಿಯ ನೆರಳಿನ ಬದಿಯಲ್ಲಿ, ತಂಪು ಕನ್ನಡಕ ತೆಗೆದು ಬಿಲ್ಲೆಯನ್ನು ಇಳಿಸಲಿ. ಮರೆಯಾದ ಆಳವನ್ನೂ, ಮೇಲೆಳೆಯುವಾಗ ಮತ್ತೆ ಕಂಡ ಆಳವನ್ನೂ ಬರೆದು ಸರಾಸರಿ ತೆಗೆಯಲಿ. ಪ್ರತಿ ಸಲವೂ ಅದೇ ಜಾಗ ಇರಲಿ. ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ದಾಖಲಿಸಲಿ. ಹಾಳೆಗಳ ಪ್ರತಿಯನ್ನು ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಮರಳಬೇಡಿ.